ಕೀಲು ನೋವಿನವರೇ, ರಕ್ತನಾಳವನ್ನೂ ಕಾಪಾಡಿಕೊಳ್ಳಿ



"ಸಿಸ್ಟರ್, ನೋವು ಇರೋದು ಬೆರಳಿಗೆ. ನೀವು ಬಿ.ಪಿ., ಕೊಲೆಸ್ಟ್ರಾಲ್ ಯಾಕೆ ನೋಡ್ತೀರಿ?" ಎಂದು ಹೊರರೋಗಿ ವಿಭಾಗದಲ್ಲಿ ಒಬ್ಬ ತಾಯಿ ಕೇಳಿದರು. ಇಂದು ನಿಮಗೆಲ್ಲ ಅದಕ್ಕೇ ಉತ್ತರ ಹೇಳುತ್ತೇನೆ.

ರುಮಟಾಯ್ಡ್ ಸಂಧಿವಾತ ಮೂಳೆ ಸವೆತವಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ನಮ್ಮ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಇದರಿಂದ ಏಳುವ ಉರಿಯೂತ ಕೀಲಿನಲ್ಲೇ ನಿಲ್ಲದೆ ರಕ್ತನಾಳಗಳನ್ನೂ ತಟ್ಟುತ್ತದೆ.

ರಕ್ತನಾಳದ ಒಳಗೋಡೆಗೆ ಒಂದೇ ಜೀವಕೋಶದಷ್ಟು ತೆಳುವಾದ ಪದರವಿದೆ. ಸಾರಿಸಿದ ಅಂಗಳದಂತೆ ಅದು ನುಣುಪಾಗಿರಬೇಕು. ಉರಿಯೂತದಿಂದ ಅದು ಕೆಟ್ಟರೆ ಅಲ್ಲಿ ಕೊಬ್ಬು ಸೇರಿ ನಾಳ ಕಿರಿದಾಗುತ್ತದೆ. ಆದ್ದರಿಂದಲೇ ಈ ಕಾಯಿಲೆಯವರಿಗೆ ಹೃದ್ರೋಗದ ಸಂಭವ ಇತರರಿಗಿಂತ ಸುಮಾರು 1.5 ಪಟ್ಟು ಹೆಚ್ಚು.

ದೇಹ ಸುಮ್ಮನೆ ಕೂರುವುದಿಲ್ಲ. ಕೆಟ್ಟ ಜಾಗವನ್ನು ಅಕ್ಕಪಕ್ಕದ ಜೀವಕೋಶಗಳು ಬೆಳೆದು ಮುಚ್ಚುತ್ತವೆ; ಅಸ್ಥಿಮಜ್ಜೆಯಿಂದ ಬರುವ ಕೆಲವು ಕೋಶಗಳೂ ನೆರವಾಗುತ್ತವೆ. ಆದರೆ ಕಾಯಿಲೆ ಜೋರಾಗಿದ್ದಾಗ ಹಾನಿಯ ವೇಗಕ್ಕೆ ದುರಸ್ತಿ ಸಾಲದು. ಅಂಗಳ ಸಾರಿಸುತ್ತಿರುವಾಗಲೇ ದನ ತುಳಿದರೆ ಏನು ಪ್ರಯೋಜನ? ಮೊದಲು ದನ ಕಟ್ಟಬೇಕು.

ವೈದ್ಯರು ಕೊಡುವ ಮೆಥೊಟ್ರೆಕ್ಸೇಟ್‌ನಂಥ ಔಷಧಿಯೇ ಆ ಹಗ್ಗ. ನೋವಿನ ಗುಳಿಗೆ ರೋಗವನ್ನು ಕಟ್ಟಿಹಾಕುವುದಿಲ್ಲ. ಅದನ್ನು ನೀವೇ ಕೊಂಡು ದಿನವೂ ನುಂಗಿದರೆ ರಕ್ತದೊತ್ತಡ ಏರಬಹುದು. ಹೊಟ್ಟೆ, ಮೂತ್ರಪಿಂಡ, ಹೃದಯಕ್ಕೂ ತೊಂದರೆಯಾಗಬಹುದು.

ಇವನ್ನು ನೆನಪಿಡಿ:

1. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ನುಂಗಿದರೆ ಪ್ರಾಣಾಪಾಯ. ಯಾವ ವಾರ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು. ಮಗು ಬಯಸುವವರು ಮೊದಲೇ ವೈದ್ಯರಿಗೆ ತಿಳಿಸಿ.
2. ನೋವು ಹೋಯಿತೆಂದು ಔಷಧಿ ಬಿಡಬೇಡಿ. ಸ್ಟೀರಾಯ್ಡ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬೇಡಿ.
3. ಬೀಡಿ, ಸಿಗರೇಟು, ತಂಬಾಕು ಬಿಡಿ. ಆದಷ್ಟು ದಿನವೂ ನಡೆಯಿರಿ.
4. ರಕ್ತ ಪರೀಕ್ಷೆ, ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗಳನ್ನು ಹೇಳಿದ ದಿನ ತಪ್ಪಿಸಬೇಡಿ.
5. ಕಾಲಿನಲ್ಲಿ ಮಾಯದ ಹುಣ್ಣು, ಉಗುರಿನ ಅಂಚಿನಲ್ಲಿ ಕಪ್ಪು ಚುಕ್ಕೆ, ಪಾದಕ್ಕೆ ಹೊಸದಾಗಿ ಜೋಮು ಕಂಡರೆ ಕೂಡಲೇ ತೋರಿಸಿ.
6. ಎದೆ ಬಿಗಿತ, ಏದುಸಿರು, ತಣ್ಣನೆ ಬೆವರು ಬಂದರೆ "ವಾಯು" ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದ ಆ ತಾಯಿಗೆ ಬಿ.ಪಿ. ಇರುವುದು ಅಂದೇ ಗೊತ್ತಾಯಿತು. ಅಲ್ಲಿಯವರೆಗೆ ಅವರು ನುಂಗಿದ್ದು ಬರೀ ನೋವಿನ ಗುಳಿಗೆ. ಈಗ ತಪ್ಪದೆ ಬರುತ್ತಾರೆ, ರೊಟ್ಟಿಯನ್ನೂ ತಾವೇ ತಟ್ಟುತ್ತಾರೆ. ಕಾಯಕ ಮಾಡುವ ಕೈ ಉಳಿಯಬೇಕು. ಅದರ ಜೊತೆಗೆ ಹೃದಯವೂ ಉಳಿಯಬೇಕು. ನಿಮಗೂ ಸಂದೇಹವಿದ್ದರೆ ಸಂಕೋಚಪಡದೆ ಕೇಳಿ.