ಅಂಟುವ ಚರ್ಮರೋಗ, ಅಂಟದ ಚರ್ಮರೋಗ

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಮನುಷ್ಯರ ಚರ್ಮದ ವಿಷಯ ಏಕೆ ಎತ್ತಿದರು ಎಂದು ನಿಮಗೆ ಅನ್ನಿಸಬಹುದು. ಮೈಮೇಲೆ ಬಿಳಿ ಮಚ್ಚೆ ಇರುವವರು ಹಾಲು ತಂದರೆ ಕೆಲವರು ಮುಖ ಸಿಂಡರಿಸುತ್ತಾರೆ. ಅದೇ ಜನ ಹುಳುಕಡ್ಡಿ ಹತ್ತಿದ ಕರುವಿನ ಜೊತೆ ಮಕ್ಕಳನ್ನು ಆಡಲು ಬಿಡುತ್ತಾರೆ. ಹೆದರಬೇಕಾದ್ದಕ್ಕೆ ಹೆದರದೆ, ಹೆದರಬಾರದ್ದಕ್ಕೆ ಹೆದರಿದಂತಾಯಿತು.

ರೋಗಾಣುಗಳನ್ನು ತಡೆಯುವ ಶಕ್ತಿ ನಮ್ಮೆಲ್ಲರ ಮೈಯಲ್ಲಿದೆ. ಕೆಲವರಲ್ಲಿ ಅದು ದಾರಿ ತಪ್ಪಿ ಸ್ವಂತ ಚರ್ಮದ ಮೇಲೇ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಾಶ ಮಾಡಿದರೆ ಅದು ತೊನ್ನು. ಸೋರಿಯಾಸಿಸ್‌ನಲ್ಲಿ ಸುಮಾರು ಒಂದು ತಿಂಗಳಲ್ಲಿ ಆಗಬೇಕಾದ ಚರ್ಮದ ಬೆಳವಣಿಗೆ ಕೆಲವೇ ದಿನಗಳಲ್ಲಿ ಆಗಿ, ಮೊಣಕೈ, ಮೊಣಕಾಲು, ತಲೆಯಲ್ಲಿ ಬೆಳ್ಳಗಿನ ಹೊಟ್ಟು ಏಳುತ್ತದೆ. ಇವೆರಡೂ ಮುಟ್ಟಿದರೆ ಅಂಟುವುದಿಲ್ಲ, ಹಾಲಿನಿಂದಲೂ ಹರಡುವುದಿಲ್ಲ. ಪಾಪದ ಫಲವಂತೂ ಅಲ್ಲವೇ ಅಲ್ಲ. ಬಹುಕಾಲ ಇರುವ ಕಾಯಿಲೆಗಳಾದರೂ ಚಿಕಿತ್ಸೆಯಿಂದ ಹತೋಟಿಗೆ ತರಬಹುದು.

ಕ್ಯಾನು ತೊಳೆಯುವ ಸೋಡ, ಸೋಪಿನ ಪುಡಿಯಿಂದ ಕೈ ತುರಿಸಿ ಬಿರುಕು ಬಿಡುವ ಇಸುಬೂ ಅಂಟುವುದಿಲ್ಲ. ಕ್ಯಾನು ತೊಳೆಯುವಾಗ ರಬ್ಬರ್ ಕೈಗವಸು ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಕೈ ಒರೆಸಿ ವ್ಯಾಸಲಿನ್ ಹಚ್ಚಿ. ಆದರೆ ಕೈಯಲ್ಲಿ ಕೀವು, ರಕ್ತ ಒಸರುವ ಗಾಯವಿದ್ದರೆ, ಅದು ಯಾವ ಕಾರಣದ್ದೇ ಆಗಲಿ, ಮಾಯುವವರೆಗೆ ಮನೆಯ ಬೇರೆಯವರು ಹಾಲು ಕರೆಯಲಿ. ಗಾಯದ ರೋಗಾಣುವಿನಿಂದ ಹಸುವಿಗೆ ಕೆಚ್ಚಲು ಬಾವು ಬರಬಹುದು.

ನಿಜವಾಗಿ ಅಂಟುವುದು ಹುಳುಕಡ್ಡಿ. ಕರುವಿನ ಕಣ್ಣಿನ ಸುತ್ತ, ಕಿವಿ, ಕುತ್ತಿಗೆಯ ಮೇಲೆ ಕೂದಲು ಉದುರಿ ಬೂದಿ ಬಣ್ಣದ ದುಂಡನೆಯ ಹಕ್ಕಳೆ ಕಂಡರೆ ಕರುವನ್ನು ಬೇರೆ ಕಟ್ಟಿ, ಚಿಕಿತ್ಸೆ ಕೊಡಿಸಿ. ಅದರ ಹಗ್ಗ, ಬ್ರಷ್ ಬೇರೆ ದನಕ್ಕೆ ಬಳಸಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಇನ್ನು ಮೂರು ಮಾತು:

1. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ತಗ್ಗಿದಂತೆ ಕಂಡರೂ ರೋಗ ಹರಡುತ್ತದೆ.

2. ಹಸುವಿಗೆ ಕೊಟ್ಟ ಔಷಧವನ್ನು ನಿಮ್ಮ ಮೈಗೆ ಹಚ್ಚಿಕೊಳ್ಳಬೇಡಿ.

3. ಮಚ್ಚೆಯ ಜಾಗದಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಕುಷ್ಠವಿರಬಹುದು. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಔಷಧ ಉಚಿತ, ಕಾಯಿಲೆ ಗುಣವಾಗುತ್ತದೆ.

ಬಂಧುಗಳೆ, ಸಂಘದಲ್ಲಿ ಹಾಲಿಗೆ ಬೆಲೆ ಕಟ್ಟುವುದು ಫ್ಯಾಟ್, ಎಸ್.ಎನ್.ಎಫ್. ನೋಡಿ, ತಂದವರ ಮೈಬಣ್ಣ ನೋಡಿ ಅಲ್ಲ. ನಾಳೆ ಬೆಳಿಗ್ಗೆ ಅಂಥವರು ಸಾಲಿನಲ್ಲಿ ನಿಂತಾಗ ಯಾರೂ ದೂರ ಸರಿಯದಿರಲಿ.