ಕಡಲಿನ ಕಡತ

ಕಡಲಿನಲ್ಲಿ ನೀರಿಗೆ ಕೊರತೆಯಿಲ್ಲ, ಗೊಬ್ಬರಕ್ಕೆ ಕೊರತೆಯುಂಟು. ಹೊಲದ ಪೈರಿಗೆ ರಂಜಕ, ಸಾರಜನಕಗಳ ಲವಣಗಳು ಹೇಗೆ ಬೇಕೋ, ಕಡಲಿನ ಮೇಲ್ಪದರದಲ್ಲಿ ತೇಲುತ್ತ ಬಾಳುವ ಸೂಕ್ಷ್ಮಸಸ್ಯಗಳಿಗೂ ಹಾಗೆಯೇ ಬೇಕು. ಆದರೆ ಬಿಸಿಲು ಬೀಳುವುದು ಮೇಲೆ, ಗೊಬ್ಬರ ಕೂಡಿಬೀಳುವುದು ಕೆಳಗೆ. ಮೇಲೆ ಬೆಳೆದ ಜೀವಿಗಳು ಸತ್ತು, ಆಳದ ಕತ್ತಲೆಗೆ ಇಳಿದು, ಅಲ್ಲಿ ಕೊಳೆತು, ತಾವು ಹೀರಿದ್ದುದನ್ನು ಅಲ್ಲಿಯ ನೀರಿಗೇ ಒಪ್ಪಿಸಿಬಿಡುವುವು. ಆಳದ ನೀರು ಮತ್ತೆ ಮೇಲೇಳುವ ಎಡೆಗಳಲ್ಲಿ ಮಾತ್ರ ಕಡಲಿಗೆ ಸುಗ್ಗಿ. ನಮ್ಮ ಕರಾವಳಿಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಇಂಥ ತಣ್ಣೀರು ತೀರದ ಬಳಿ ಮೇಲೇರುವುದು. ಸೂಕ್ಷ್ಮಸಸ್ಯಗಳು ಹುಲುಸಾಗಿ ಬೆಳೆಯುವುವು. ಬೂತಾಯಿ ಮೀನಿನ ಹಿಂಡುಗಳು ಅವನ್ನು ಮೇಯಲು ಬರುವುವು. ಮೀನುಗಾರನ ಬಲೆ ತುಂಬುವುದೂ ಬರಿದಾಗುವುದೂ ಬಹುಮಟ್ಟಿಗೆ ಈ ಗೊಬ್ಬರದ ಲೆಕ್ಕವನ್ನೇ ಅವಲಂಬಿಸಿದೆ.

ಇಂದಿನ ಲೆಕ್ಕ ಬೇಕಾದರೆ ಹಡಗಿನಿಂದ ಸೀಸೆಯನ್ನು ಇಳಿಸಿ, ಬೇಕಾದ ಆಳದ ನೀರನ್ನು ತಂದು ಪರೀಕ್ಷಿಸಬಹುದು. ಆದರೆ ಈಗ್ಗೆ 20,000 ವರ್ಷಗಳ ಹಿಂದೆ, ಹಿಮಯುಗವು ಕಡೆಯ ಬಾರಿಗೆ ತುತ್ತತುದಿಯಲ್ಲಿದ್ದಾಗ, ಕಡಲಿನ ಗೊಬ್ಬರ ಎಲ್ಲಿತ್ತು, ಎಷ್ಟಿತ್ತು? ಆ ನೀರನ್ನು ತಂದುಕೊಡುವವರು ಯಾರು?

ಇಷ್ಟು ಹಳೆಯ ಲೆಕ್ಕದಿಂದ ಏನು ಪ್ರಯೋಜನವೆಂದು ತಾವು ಕೇಳಬಹುದು. ದಕ್ಷಿಣ ಧ್ರುವದ ಹಿಮಗಡ್ಡೆಯೊಳಗೆ ಪುರಾತನ ಕಾಲದ ಗಾಳಿಯು ಗುಳ್ಳೆಗಳಾಗಿ ಸಿಕ್ಕಿಕೊಂಡಿದೆ. ಯಂತ್ರಯುಗಕ್ಕೆ ಮುಂಚೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 280 ಭಾಗ ಅಂಗಾರಾಮ್ಲ ವಾಯುವಿತ್ತು. ಹಿಮಯುಗದಲ್ಲಿ ಇದ್ದುದು 180ರಿಂದ 190 ಭಾಗ. ಕಡಮೆ ಮೂರರಲ್ಲಿ ಒಂದು ಪಾಲು ಎಲ್ಲಿಗೆ ಹೋಯಿತು? ಕಾಡುಗಳು ಹಿಮಯುಗದಲ್ಲಿ ಕುಗ್ಗಿದ್ದುವೇ ಹೊರತು ಹಿಗ್ಗಿರಲಿಲ್ಲ. ಅವು ಅದನ್ನು ನುಂಗಿರಲಾರವು. ಉಳಿದುದು ಕಡಲು. ಸೂಕ್ಷ್ಮಸಸ್ಯಗಳು ಗೊಬ್ಬರವನ್ನು ಹೀರಿ ಬೆಳೆಯುವಾಗ ಅಂಗಾರವನ್ನೂ ಹೀರಿ, ಸತ್ತಾಗ ಆಳಕ್ಕೆ ಒಯ್ಯುವುವು. ಆದುದರಿಂದ ಗೊಬ್ಬರದ ಲೆಕ್ಕ ತಿಳಿದರೆ ಗಾಳಿಯ ಲೆಕ್ಕವೂ ತಿಳಿಯುವುದು. ಇಂದು ಆ ವಾಯುವು 420 ಭಾಗವನ್ನು ಮೀರಿದೆ. ನಾವು ಹೊರಸೂಸುವುದರಲ್ಲಿ ಸುಮಾರು ಕಾಲುಪಾಲನ್ನು ಕಡಲು ನುಂಗುತ್ತಿದೆ. ಮುಂದೆಯೂ ಅದು ಹೀಗೆಯೇ ನುಂಗೀತೇ ಎಂಬುದನ್ನು ಊಹಿಸಬೇಕಾದರೆ ಹಿಂದೆ ಅದು ಹೇಗೆ ನಡೆದುಕೊಂಡಿತೆಂಬುದು ತಿಳಿದಿರಬೇಕು.

ಆ ಲೆಕ್ಕ ಬರೆದಿಟ್ಟಿರುವುದು ಕಡಲ ತಳದ ಕೆಸರಿನಲ್ಲಿ. 1872ರಿಂದ 1876ರವರೆಗೆ ಮಹಾಸಾಗರಗಳನ್ನು ಸುತ್ತಿದ 'ಚಾಲೆಂಜರ್' ಎಂಬ ಹಡಗು ಆಳದಿಂದ ಎತ್ತಿ ತಂದ ಕೆಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರಲ್ಲಿ ಬಹುಭಾಗ ಪುಟ್ಟ ಚಿಪ್ಪುಗಳೆಂದು ಕಂಡಿತು. ಕೆಲವು ಮರಳುಗಾಜಿನಂಥ ಚಿಪ್ಪುಗಳು, ಕೆಲವು ಸುಣ್ಣದವು. ಸುಣ್ಣದ ಚಿಪ್ಪುಗಳಲ್ಲಿ ಮುಖ್ಯವಾದುವು ಫೊರಾಮಿನಿಫೆರ ಎಂಬ ಏಕಕಣಜೀವಿಗಳವು. ಒಂದೊಂದೂ ಸಣ್ಣ ರವೆಯ ಕಣದಷ್ಟು. ಇವುಗಳಲ್ಲಿ ಕೆಲವು ಜಾತಿಗಳು ಮೇಲ್ನೀರಿನಲ್ಲಿ ತೇಲುವುವು, ಕೆಲವು ತಳದ ಕೆಸರಿನಲ್ಲೇ ಬಾಳುವುವು; ಹೀಗೆ ಮೇಲಿನ ಲೆಕ್ಕ ಒಬ್ಬನಲ್ಲಿ, ಕೆಳಗಿನ ಲೆಕ್ಕ ಇನ್ನೊಬ್ಬನಲ್ಲಿ. ನಡುಗಡಲಿನಲ್ಲಿ ಕೆಸರು ಕೂಡುವುದು ಸಾವಿರ ವರ್ಷಕ್ಕೆ ಒಂದೆರಡು ಅಂಗುಲ. ಉದ್ದನೆಯ ಕೊಳವೆಯನ್ನು ತಳಕ್ಕೆ ನಾಟಿ ಮೇಲಕ್ಕೆಳೆದರೆ ಯುಗಗಳು ಪದರಪದರವಾಗಿ ಹಡಗಿನ ಅಟ್ಟಕ್ಕೆ ಬರುವುವು. ಆ ಕೆಸರನ್ನು ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಒದ್ದೆಯಾದ ನವುರು ಕುಂಚದ ತುದಿಯಿಂದ ಬೇಕಾದ ಜಾತಿಯ ಚಿಪ್ಪನ್ನು ಒಂದೊಂದಾಗಿ ಆರಿಸುವರು. ಅಕ್ಕಿಯಲ್ಲಿ ಕಲ್ಲಾರಿಸುವವರಿಗೆ ಈ ಕೆಲಸದ ತಾಳ್ಮೆ ಅರ್ಥವಾದೀತು.

ಚಿಪ್ಪು ರಂಜಕದ ಲೆಕ್ಕವನ್ನು ನೇರವಾಗಿ ಬರೆದಿಡುವುದಿಲ್ಲ. ಅದಕ್ಕೊಂದು ಉಪಾಯ ದೊರೆಯಿತು. 1976ರಲ್ಲಿ ಎಡ್ವರ್ಡ್ ಬಾಯ್ಲ್ ಮತ್ತು ಅವರ ಸಂಗಡಿಗರು ಕಡಲ ನೀರಿನಲ್ಲಿರುವ ಕ್ಯಾಡ್ಮಿಯಂ ಎಂಬ ಲೋಹವನ್ನು ಅಳೆದು, ಅದು ರಂಜಕವನ್ನು ನೆರಳಿನಂತೆ ಹಿಂಬಾಲಿಸುವುದೆಂದು ತೋರಿಸಿದರು. ರಂಜಕ ಬರಿದಾದ ಮೇಲ್ನೀರಿನಲ್ಲಿ ಕ್ಯಾಡ್ಮಿಯಮ್ಮೂ ಬರಿದು. ರಂಜಕ ತುಂಬಿದ ಆಳದಲ್ಲಿ ಅದೂ ತುಂಬಿದೆ. ಕ್ಯಾಡ್ಮಿಯಂ ಪರಮಾಣು ಗಾತ್ರದಲ್ಲಿ ಕ್ಯಾಲ್ಸಿಯಮ್ಮಿಗೆ ಸಮೀಪವಾದುದರಿಂದ ಚಿಪ್ಪು ಕಟ್ಟುವಾಗ ಅಲ್ಲೊಂದು ಇಲ್ಲೊಂದು ಕ್ಯಾಲ್ಸಿಯಮ್ಮಿನ ಜಾಗದಲ್ಲಿ ಸೇರಿಕೊಳ್ಳುವುದು. ಎಷ್ಟೆಂದರೆ, ಒಂದು ಕೋಟಿ ಕ್ಯಾಲ್ಸಿಯಂ ಪರಮಾಣುಗಳ ನಡುವೆ ಸುಮಾರು ಒಂದು. ಇದನ್ನು ಅಳೆಯಬೇಕಾದರೆ ಚಿಪ್ಪಿನ ಮೇಲೆ ಅಂಟಿದ ಮಣ್ಣು, ಮ್ಯಾಂಗನೀಸಿನ ಲೇಪ, ಜೀವವಸ್ತುವಿನ ಚೂರು ಎಲ್ಲವನ್ನೂ ಹಂತಹಂತವಾಗಿ ತೊಳೆದು ಕಳೆಯಬೇಕು. ಒಂದು ಹಂತ ತಪ್ಪಿದರೂ ಫಲ ಸುಳ್ಳು.

ಹೀಗೆ ಬಾಯ್ಲ್ ಮತ್ತು ಲಾಯ್ಡ್ ಕೀಗ್ವಿನ್ ಅವರು 1980ರ ದಶಕದಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ತಳದ ಚಿಪ್ಪುಗಳನ್ನು ಪರೀಕ್ಷಿಸಿದರು. ಹಿಮಯುಗದಲ್ಲಿ ಅಲ್ಲಿಯ ಅತ್ಯಾಳದ ನೀರಿನಲ್ಲಿ ಇಂದಿಗಿಂತ ಗೊಬ್ಬರ ಹೆಚ್ಚು, ಮಧ್ಯದ ಪದರಗಳಲ್ಲಿ ಕಡಮೆ ಎಂದು ತಿಳಿಯಿತು. ಗೊಬ್ಬರವು ಕೆಳಕ್ಕೆ ಸರಿದಿತ್ತು. ಅಂದರೆ ಸಾಗರದ ಸುತ್ತಾಟವೇ ಬೇರೆ ರೀತಿಯಲ್ಲಿತ್ತು. ಆದರೂ ಈ ಲೆಕ್ಕಿಗನ ಮಾತನ್ನು ಪೂರ್ತಿ ನಂಬಲಾಗದು. ಸುಣ್ಣವನ್ನು ಕರಗಿಸುವ ನೀರಿನಲ್ಲಿ ಚಿಪ್ಪಿನ ಕ್ಯಾಡ್ಮಿಯಂ ಕಡಮೆಯಾಗುವುದು. ಅದೇ ಚಿಪ್ಪುಗಳಲ್ಲಿ ಅಂಗಾರದ ಭಾರವಾದ ಪರಮಾಣುಗಳನ್ನು ಎಣಿಸಿದವರಿಗೆ, ಹಿಮಯುಗದ ದಕ್ಷಿಣ ಮಹಾಸಾಗರದ ಆಳದಲ್ಲಿ ಗೊಬ್ಬರ ಬಹಳವಾಗಿ ತುಂಬಿತ್ತೆಂದು ತೋರಿತು. ಕ್ಯಾಡ್ಮಿಯಂ ಹಾಗೆ ಹೇಳಲಿಲ್ಲ. ಇಬ್ಬರು ಗುಮಾಸ್ತರು ಒಂದೇ ಅಂಗಡಿಗೆ ಎರಡು ಲೆಕ್ಕ ಒಪ್ಪಿಸಿದಂತಾಯಿತು. ಇಂಥಲ್ಲಿ ಮೂರನೆಯ ಸಾಕ್ಷಿ ಬೇಕೆಂಬುದು ನ್ಯಾಯಾಲಯವನ್ನು ಕಂಡವರಿಗೆಲ್ಲ ಗೊತ್ತು.

ಆ ಸಾಕ್ಷಿ ಸಾರಜನಕ. ಅದರಲ್ಲಿ ತೂಕ 14 ಮತ್ತು ತೂಕ 15 ಎಂದು ಎರಡು ಬಗೆಯ ಪರಮಾಣುಗಳುಂಟು. ಸೂಕ್ಷ್ಮಸಸ್ಯಗಳಿಗೆ ಹಗುರವಾದುದೇ ಇಷ್ಟ. ಅವಲಕ್ಕಿಯೊಳಗಿನ ಕಡಲೆಕಾಯಿಬೀಜವನ್ನೇ ಆರಿಸಿ ತಿನ್ನುವ ಹುಡುಗನನ್ನು ನೆನೆದುಕೊಳ್ಳಿ. ತಟ್ಟೆಯಲ್ಲಿ ಇನ್ನೂ ಬಹಳ ಉಳಿದಿದ್ದರೆ ಅವನ ಹೊಟ್ಟೆಯಲ್ಲಿರುವುದು ಬಹುಪಾಲು ಬೀಜ. ತಟ್ಟೆ ಬರಿದಾಗಿದ್ದರೆ ತಟ್ಟೆಯಲ್ಲಿದ್ದ ಪ್ರಮಾಣವೇ ಹೊಟ್ಟೆಯಲ್ಲೂ ಇರುವುದು. ಹಾಗೆಯೇ ಗೊಬ್ಬರವೆಲ್ಲ ಮುಗಿಯುವತನಕ ಹೀರಿದ ಕಾಲದ ಜೀವಿಗಳಲ್ಲಿ ಭಾರವಾದ ಸಾರಜನಕದ ಪ್ರಮಾಣ ಹೆಚ್ಚು. ಈ ಸಾರಜನಕದ ಒಂದಿಷ್ಟು ಅಂಶವು ಚಿಪ್ಪಿನ ಗೋಡೆಯೊಳಗೇ ಹುದುಗಿ, ಕೊಳೆಯದೆ ಉಳಿದಿರುವುದು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಡೇನಿಯಲ್ ಸಿಗ್ಮನ್ ಮತ್ತು ಅವರ ಸಹೋದ್ಯೋಗಿಗಳು ಇಷ್ಟು ಅಲ್ಪಾಂಶವನ್ನೂ ಅಳೆಯುವ ಮಾರ್ಗವನ್ನು ರೂಪಿಸಿದರು. ಅದರಲ್ಲಿ ಲವಣವನ್ನು ವಾಯುವಾಗಿ ಮಾರ್ಪಡಿಸುವ ಕಡೆಯ ಕೆಲಸವನ್ನು ಒಂದು ಜಾತಿಯ ಬ್ಯಾಕ್ಟೀರಿಯಾಗಳಿಗೇ ವಹಿಸಿದ್ದಾರೆ. ರಸಾಯನಶಾಸ್ತ್ರಜ್ಞನು ಸೂಕ್ಷ್ಮಜೀವಿಯನ್ನು ಸಹಾಯಕನನ್ನಾಗಿ ನೇಮಿಸಿಕೊಂಡದ್ದು ನನಗೆ ಬಹಳ ಸೊಗಸಾಗಿ ತೋರುತ್ತದೆ.

ದಕ್ಷಿಣ ಮಹಾಸಾಗರದಲ್ಲಿ ಇಂದು ಆಳದ ನೀರು ಗೊಬ್ಬರವನ್ನು ಹೊತ್ತು ಮೇಲೇರುವುದು. ಆದರೆ ಸಸ್ಯಗಳು ಅದನ್ನು ಮುಗಿಸುವ ಮುನ್ನವೇ ಮತ್ತೆ ಮುಳುಗುವುದು. ಆ ಹೊತ್ತಿನಲ್ಲಿ ಆಳದ ಅಂಗಾರಾಮ್ಲವು ಗಾಳಿಗೆ ಸೋರಿಹೋಗುವುದು. ಮುಗಿಸಲಾಗದಿರುವುದಕ್ಕೆ ಒಂದು ಕಾರಣ ಕಬ್ಬಿಣದ ಕೊರತೆ. ಹಿಮಯುಗದ ಒಣಗಾಳಿಯು ಭೂಭಾಗದ ಧೂಳನ್ನು ತಂದು ಸುರಿದು ಆ ಕೊರತೆಯನ್ನು ನೀಗಿಸಿರಬೇಕೆಂದು ಜಾನ್ ಮಾರ್ಟಿನ್ 1990ರಲ್ಲಿ ಊಹಿಸಿದರು. ಅಟ್ಲಾಂಟಿಕ್ ಸಾಗರದ ದಕ್ಷಿಣ ಭಾಗದಿಂದ ತೆಗೆದ ಕೆಸರಿನ ಚಿಪ್ಪುಗಳ ಸಾರಜನಕವನ್ನು ಅಳೆದ ಫಲವು 2014ರಲ್ಲಿ ಪ್ರಕಟವಾಯಿತು. ಧೂಳು ಹೆಚ್ಚಿದಾಗಲೆಲ್ಲ ಗೊಬ್ಬರದ ಬಳಕೆಯೂ ಹೆಚ್ಚಿತ್ತು. ಸೋರಿಕೆಯ ಒಂದು ತೂತು ಹೀಗೆ ಮುಚ್ಚಿತ್ತೆಂದು ಹೇಳಬಹುದು. ಕಾಣೆಯಾದ ಅಂಗಾರಾಮ್ಲವೆಲ್ಲಕ್ಕೂ ಇದೊಂದೇ ಉತ್ತರವಲ್ಲ.

ನಮ್ಮ ಅರಬ್ಬೀ ಸಮುದ್ರದ ಲೆಕ್ಕ ಬೇರೆಯೇ ಬಗೆಯದು. 1933-34ರಲ್ಲಿ ಸೇಮೂರ್ ಸೆವೆಲ್ ಅವರ ನಾಯಕತ್ವದಲ್ಲಿ 'ಮಬಾಹಿಸ್' ಎಂಬ ಈಜಿಪ್ಟಿನ ಹಡಗು ಇಲ್ಲಿ ಸಂಚರಿಸಿ, ನಡುವಿನ ಆಳಗಳಲ್ಲಿ ಪ್ರಾಣವಾಯು ಬಹಳ ಕಡಮೆಯೆಂದು ಕಂಡಿತು. ಅಲ್ಲಿಯ ಬ್ಯಾಕ್ಟೀರಿಯಾಗಳು ಪ್ರಾಣವಾಯುವಿಗೆ ಬದಲಾಗಿ ಸಾರಜನಕದ ಲವಣವನ್ನೇ ಉಸಿರಾಟಕ್ಕೆ ಬಳಸಿ, ಕಡಲಿನ ಗೊಬ್ಬರವನ್ನು ಗಾಳಿಗೆ ಕಳೆದುಬಿಡುವುವು. ಅವೂ ಹಗುರವಾದುದನ್ನೇ ಮೊದಲು ಕಳೆಯುವುದರಿಂದ ಉಳಿಯುವ ಲವಣದಲ್ಲಿ ಭಾರವಾದುದರ ಪ್ರಮಾಣ ಏರುವುದು. ಆದುದರಿಂದ ಇಲ್ಲಿ ಭಾರವಾದ ಸಾರಜನಕ ಕಂಡೊಡನೆ ಸಸ್ಯಗಳು ತಟ್ಟೆ ಬರಿದುಮಾಡಿದುವೆಂದು ತಿಳಿಯಕೂಡದು, ತಟ್ಟೆಯಲ್ಲಿದ್ದುದೇ ಬೇರೆ. ಹಿಮಯುಗದ ಕೆಸರಿನಲ್ಲಿ ಈ ಭಾರ ಇಳಿದಿದೆ. ತಣ್ಣೀರು ಮೇಲೇಳುವಲ್ಲಿ ಹೆಚ್ಚುವ ಗ್ಲೋಬಿಜಿರಿನ ಬುಲ್ಲಾಯ್ಡಿಸ್ ಎಂಬ ಜಾತಿಯ ಚಿಪ್ಪೂ ಅಲ್ಲಿ ವಿರಳ. ಮುಂಗಾರಿನ ಗಾಳಿ ಆಗ ಕುಗ್ಗಿತ್ತೆಂದು ಎರಡು ಲೆಕ್ಕಗಳೂ ಸೂಚಿಸುತ್ತವೆ.

ಉಳಿದ ಸಾಗರಗಳಲ್ಲಿ ಇನ್ನೊಂದು ತೊಡಕಿದೆ. ತಳದ ಹುಳುಗಳು ಮೇಲಿನ ಮೂರು ನಾಲ್ಕು ಅಂಗುಲ ಕೆಸರನ್ನು ಸದಾ ಕಲಸುತ್ತಿರುವುದರಿಂದ ಸಾವಿರಾರು ವರ್ಷಗಳ ಬರಹ ಒಂದರೊಳಗೊಂದು ಬೆರೆತುಹೋಗುವುದು. ಪ್ರಾಣವಾಯುವಿಲ್ಲದ ಕಡೆ ಆ ಹುಳುಗಳಿಗೂ ಬಾಳಿಲ್ಲ. ಅದಕ್ಕಾಗಿಯೇ ಸಂಶೋಧಕರು ಕರಾಚಿಯ ಮುಂದಿನ ಕಡಲ ಇಳಿಜಾರಿಗೆ ಕೊಳವೆಗಳನ್ನು ಇಳಿಸಿದ್ದಾರೆ. ಅಲ್ಲಿಯ ಕೆಸರಿನಲ್ಲಿ ಒಂದೊಂದು ವರ್ಷವೂ ಕೂದಲೆಳೆಯಂಥ ತೆಳುವಾದ ಗೆರೆಗಳಾಗಿ, ಕಲಸದೆ, ಹಾಗೆಯೇ ಉಳಿದಿದೆ.