ದುಡಿಸುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು



ವಿದ್ಯುತ್ ವಿತರಣೆಯ ಸಂಕಿರಣವೆಂದರೆ ನಷ್ಟ, ಸಬ್ಸಿಡಿ, ದರ ಏರಿಕೆ ಇಷ್ಟರಲ್ಲೇ ಊಟದ ಹೊತ್ತಾಗುತ್ತದೆ. ಕಂಬ ಹತ್ತುವವರ ಸಂಬಳದ ಮಾತು ವಂದನಾರ್ಪಣೆಯವರೆಗೂ ಬರುವುದಿಲ್ಲ. ಇವತ್ತು ಅಲ್ಲಿಂದಲೇ ಶುರು ಮಾಡೋಣ.

ನಮ್ಮ ಹಳ್ಳಿಗಳಲ್ಲಿ ಇನ್ನೂ ‘ಕೆಇಬಿಯವರು ಬಂದರು’ ಎನ್ನುತ್ತಾರೆ. 1957ರ ಆ ವಿದ್ಯುತ್ ಮಂಡಳಿ 1999ರಲ್ಲಿ ನಿಗಮವಾಯಿತು. 2002ರಲ್ಲಿ ವಿತರಣೆ ಬೇರೆ ಕಂಪನಿಗಳ ಪಾಲಾಯಿತು. ಅವುಗಳಲ್ಲೊಂದಾದ ಮೆಸ್ಕಾಂನಲ್ಲಿದ್ದ ಚಾಮರಾಜನಗರ ಜಿಲ್ಲೆ 2005ರಲ್ಲಿ ಮೈಸೂರಿನ ಸೆಸ್ಕ್ ಕಂಪನಿಗೆ ಸೇರಿತು. ಕಾಯಂ ನೌಕರರಿಗೆ ಸಂಘವಿದೆ, ವೇತನ ಒಪ್ಪಂದವಿದೆ. 2023ರ ಮಾರ್ಚ್‌ನಲ್ಲಿ ಮುಷ್ಕರ ಇನ್ನೇನು ಶುರುವಾಗಬೇಕು ಎನ್ನುವಾಗ ಸರ್ಕಾರ ಶೇ 20ರ ಏರಿಕೆಗೆ ಒಪ್ಪಿತು. ಆ ಗೆಲುವು ಸಣ್ಣದಲ್ಲ. ಆದರೆ ಗುತ್ತಿಗೆಯಲ್ಲಿ ದುಡಿಯುವವರು ಆ ಮಾತುಕತೆಯ ಮೇಜಿನ ಹತ್ತಿರವೂ ಇರಲಿಲ್ಲ.

ಈ ಅಂತರ ಏನು ಮಾಡುತ್ತದೆಂದು ತಿಳಿಯಲು ಅದೇ ಜಿಲ್ಲೆಯ ಗುಂಡ್ಲುಪೇಟೆ ಕಡೆಯ ಮುಂಗಾರುಪೂರ್ವ ಮಳೆಯನ್ನು ನೆನೆಯಿರಿ. ಗಾಳಿಗೆ ಮರ ಬಿದ್ದು ತಂತಿ ಹರಿದಿದೆ. ತೆರಕಣಾಂಬಿಯಲ್ಲಿ ಅರಿಶಿನಕ್ಕೆ ನೀರು ಬೇಕು, ಹಂಗಳದಲ್ಲಿ ಈರುಳ್ಳಿಗೆ ಬೇಕು. ಪಂಪ್‌ಸೆಟ್ಟಿನ ರೈತ ಬೈಯುವುದು ಎದುರಿಗೆ ಸಿಕ್ಕವನನ್ನು. ಬಂಡೀಪುರದ ಅಂಚಿನ ಲೈನ್ ಆದರೆ ಕತ್ತಲಲ್ಲಿ ಆನೆಯ ಭಯ ಬೇರೆ. ಲೈನಿನ ವಿದ್ಯುತ್ ಕಡಿತವಾಗಿದೆ ಎಂಬ ಲೈನ್ ಕ್ಲಿಯರ್ (ಎಲ್‌ಸಿ) ಪಡೆಯದೆ ಯಾರೂ ಕಂಬ ಮುಟ್ಟಬಾರದು. ಆದರೆ ‘ಬೇಗ ಮುಗಿಸಪ್ಪ’ ಎಂಬ ಫೋನು ಬಂದಾಗ ‘ಎಲ್‌ಸಿ ಸಿಗದೆ ಹತ್ತಲ್ಲ ಸಾರ್’ ಎನ್ನುವ ಧೈರ್ಯ ಯಾರಿಗಿರುತ್ತದೆ? ನೌಕರಿ ಗಟ್ಟಿಯಿದ್ದವನಿಗೆ. ಮುಂದಿನ ತಿಂಗಳು ತನ್ನ ಹೆಸರು ಹಾಜರಿಯಲ್ಲಿ ಇರುತ್ತದೋ ಇಲ್ಲವೋ ಎನ್ನುವವನು ಹತ್ತಿಬಿಡುತ್ತಾನೆ. ನನ್ನ ಮಟ್ಟಿಗೆ ಆಡಳಿತದ ಗುಣ ತಿಳಿಯುವುದು ಆ ಒಂದು ಫೋನ್ ಕರೆಯಲ್ಲಿ. ವಾರ್ಷಿಕ ವರದಿಯ ನುಣುಪು ಕಾಗದದಲ್ಲಿ ಅಲ್ಲ.

ಗುತ್ತಿಗೆ ಇರುವ ಕಡೆಯಲ್ಲೆಲ್ಲ ಕೇಳುವ ಇನ್ನೊಂದು ಮಾತಿದೆ. ಸಂಬಳ ತಡವಾದರೆ ಕಚೇರಿಯಲ್ಲಿ ‘ಏಜೆನ್ಸಿಯವರನ್ನು ಕೇಳಿ’, ಏಜೆನ್ಸಿಯಲ್ಲಿ ‘ಬಿಲ್ ಪಾಸಾಗಿಲ್ಲ’. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತು; 2020ರ ಕಾರ್ಮಿಕ ಸಂಹಿತೆಯೂ ಆ ಹೊಣೆಯನ್ನು ಉಳಿಸಿಕೊಂಡಿದೆ. 2016ರಲ್ಲಿ ಪಂಜಾಬಿನ ತಾತ್ಕಾಲಿಕ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಮಾನ ಕೆಲಸಕ್ಕೆ ಸಮಾನ ವೇತನವನ್ನು ಎತ್ತಿಹಿಡಿಯಿತು. ಏಜೆನ್ಸಿ ಮೂಲಕ ಬಂದ ಕೆಲಸಗಾರನಿಗೆ ಮಾತ್ರ ಅದು ತಾನಾಗಿ ದಕ್ಕುವುದಿಲ್ಲ. ತನ್ನನ್ನು ದುಡಿಸುವವರು ಯಾರು ಎಂಬುದನ್ನೇ ಅವನು ಮೊದಲು ಸಾಬೀತು ಮಾಡಬೇಕು.

ಆದ್ದರಿಂದ ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ: ‘ಉದ್ಯೋಗ ತೃಪ್ತಿ’ಯ ಪ್ರಶ್ನಾವಳಿಯನ್ನು ಸ್ವಲ್ಪ ಬದಿಗಿಡಿ. ವೇತನ ಚೀಟಿ, ಪಿಎಫ್ ಖಾತೆ, ಹಾಜರಿ, ಲೈನ್ ಕ್ಲಿಯರ್ ಪುಸ್ತಕ ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಓದಿ. ಮಧ್ಯಾಹ್ನ ಗುತ್ತಿಗೆ ಕೆಲಸಗಾರರೇ ಮಾತಾಡುತ್ತಾರೆ. ಆಗ ಅವರ ಮೇಲಧಿಕಾರಿಗಳು ದಯವಿಟ್ಟು ಮುಂದಿನ ಸಾಲಿನಲ್ಲಿ ಕೂರಬೇಡಿ, ಯಾರ ಹೆಸರನ್ನೂ ಬರೆದುಕೊಳ್ಳಬೇಡಿ.